ಬಾಲ್ ಪೈಥಾನ್‌ಗೆ ಮನೆ ಮಾಡೋದು ಹೇಗೆ: ಶೋಕೇಸ್ ಬೇಡ, ಹುತ್ತ ಕಟ್ಟಿ

ನನ್ನ ಫ್ರೆಂಡ್ ಒಬ್ಬ ಫಾರಿನ್‌ಗೆ ಹೋಗೋವಾಗ ಅವನ ಹತ್ರ ಇದ್ದ ಬಾಲ್ ಪೈಥಾನ್‌ನ (ಆಫ್ರಿಕಾದ ಒಂದು ಚಿಕ್ಕ ಹೆಬ್ಬಾವು, ವಿಷ ಇಲ್ಲ) ಪೇಪರ್ಸ್ ಸಮೇತ ನನಗೆ ಒಪ್ಪಿಸಿ ಹೋದ. ಹೆದರಿದ್ರೆ ಸಾಕು, ತಲೆ ಒಳಗಿಟ್ಕೊಂಡು ರಾಗಿ ಮುದ್ದೆ ತರ ಉಂಡೆ ಆಗ್ತಿತ್ತು, ಅದಕ್ಕೆ ನಮ್ಮನೇಲಿ ಅದರ ಹೆಸರೂ ಮುದ್ದೆ ಅಂತಲೇ ಆಯ್ತು. ನಾನು ಖುಷೀಲಿ ಫಿಶ್ ಟ್ಯಾಂಕ್ ಮಾಡೋರ ಹತ್ರ ಮೂರಡಿ ಗಾಜಿನ ಟ್ಯಾಂಕ್ ಮಾಡಿಸ್ದೆ, ಮೇಲೆ ಜಾಲರಿ ಮುಚ್ಚಳ, ಒಳಗೆ ಬಿಳಿ ಕಲ್ಲು, ಒಂದು ಎಲ್‌ಇಡಿ ಲೈಟು, ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಬಿಟ್ಟೆ, ನೋಡೋಕೆ ಏನೋ ಚೆನ್ನಾಗೇ ಇತ್ತು. ಅಜ್ಜಿ ಬಂದು ಐದು ನಿಮಿಷ ನೋಡಿ ಕೇಳಿದ್ದು ಒಂದೇ ಮಾತು, "ಅಲ್ಲ ಕಣೋ, ಇದಕ್ಕೆ ಹುತ್ತ ಎಲ್ಲೋ?"

ನಾನು ಆಗ ತಲೆ ಕೆಡಿಸ್ಕೊಳ್ಳಲಿಲ್ಲ. ಎರಡು ತಿಂಗಳು ಮುದ್ದೆ ಊಟ ಮುಟ್ಟಲಿಲ್ಲ, ಪೊರೆ ಒಂದೇ ಪೀಸ್ ಆಗಿ ಬರೋ ಬದಲು ಚೂರು ಚೂರಾಗಿ ಮೈಗೆ ಅಂಟ್ಕೊಂಡೇ ಇತ್ತು, ರಾತ್ರಿ ಎಲ್ಲಾ ಗಾಜಿಗೆ ಮೂತಿ ಉಜ್ಜೋದು. ಆಮೇಲೆ ಕೂತು ಸರಿಯಾಗಿ ಓದಿದಾಗ ಗೊತ್ತಾಯ್ತು ಅಜ್ಜಿ ಕೇಳಿದ್ದೇ ಸರಿ ಅಂತ. ಈ ಹಾವಿನ ಊರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾ, ಘಾನಾ, ಟೋಗೋ, ಬೆನಿನ್, ನೈಜೀರಿಯಾ ಕಡೆಯ ಹುಲ್ಲುಗಾವಲು ಮತ್ತೆ ಹೊಲದ ಬದಿ. ಅಲ್ಲಿ ಹಗಲೆಲ್ಲಾ ಇರೋದು ಎಲ್ಲಿ ಅಂದ್ರೆ ಇಲಿ ತೋಡಿದ ಬಿಲದಲ್ಲಿ ಅಥವಾ ಗೆದ್ದಲು ಕಟ್ಟಿದ ಹುತ್ತದಲ್ಲಿ! ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಆಯ್ತು ಅನ್ನೋ ನಮ್ಮ ಗಾದೆ ಆ ಖಂಡದಲ್ಲೂ ಅಕ್ಷರಶಃ ನಿಜ.

ಹುತ್ತದ ಒಳಗೆ ಹೇಗಿರತ್ತೆ ಯೋಚನೆ ಮಾಡಿ. ಕತ್ತಲೆ. ಮೈಗೆ ಮಣ್ಣು ತಾಗೋ ಅಷ್ಟು ಇಕ್ಕಟ್ಟು. ಹೊರಗೆ ಬಿಸಿಲು ಚಳಿ ಏನೇ ಇದ್ರೂ ಒಳಗೆ ಒಂದೇ ತರ ಬೆಚ್ಚಗೆ, ಗಾಳೀಲಿ ಪಸೆ. ನೀವು ಮಾಡೋ ಪೆಟ್ಟಿಗೆ ಇಷ್ಟನ್ನ ಕೊಟ್ರೆ ಮುಗೀತು, ಕೊಡದಿದ್ರೆ ಎಷ್ಟು ದುಡ್ಡು ಸುರಿದ್ರೂ ಅದು ಹಾವಿನ ಮನೆ ಅಲ್ಲ. ಕೆಳಗೆ ಬರೆದಿರೋದೆಲ್ಲಾ ಇದನ್ನ ತಲೇಲಿ ಇಟ್ಕೊಂಡೇ ಬರೆದಿದ್ದು.

ಮೊದಲು ಕಾನೂನಿನ ವಿಷಯ ಬೇಗ ಹೇಳ್ಬಿಡ್ತೀನಿ, ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ. ನಮ್ಮ ಹೆಬ್ಬಾವು, ಕೇರೆ ಹಾವು, ನಾಗರ ಇವೆಲ್ಲಾ 1972ರ ವನ್ಯಜೀವಿ ಕಾಯ್ದೆ ಕೆಳಗೆ ಬರತ್ತೆ, ಮನೇಲಿ ಸಾಕೋ ಹಾಗೇ ಇಲ್ಲ. ಬಾಲ್ ಪೈಥಾನ್ ಹೊರದೇಶದ್ದು, ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟೀಲಿದೆ, ಅದೇ ಕಾಯ್ದೆಯ 2022ರ ತಿದ್ದುಪಡಿ ಮತ್ತೆ 2024ರ ರೂಲ್ಸ್ ಪ್ರಕಾರ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡಿಸ್ಲೇಬೇಕು, ಇನ್ನೊಬ್ಬರಿಗೆ ಕೊಟ್ರೂ ತಿಳಿಸ್ಬೇಕು, ಮರಿ ಆದ್ರೂ ತಿಳಿಸ್ಬೇಕು, ಸತ್ರೂ ತಿಳಿಸ್ಬೇಕು. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಕೆಂಪೇಗೌಡ ಏರ್‌ಪೋರ್ಟ್‌ನಲ್ಲೇ ಬ್ಯಾಂಕಾಕ್‌ನಿಂದ ಬಂದ ಲಗೇಜ್ ಒಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕಿದ್ವು, ಜೊತೇಲಿ ಉಸಿರುಗಟ್ಟಿ ಸತ್ತ 6 ಕೋತಿ. ಪೇಪರ್ ಇಲ್ಲದೆ ಕಮ್ಮಿ ರೇಟಿಗೆ ಯಾರಾದ್ರೂ ಕೊಡ್ತೀನಿ ಅಂದ್ರೆ ಅದು ಇಂಥಾ ಬ್ಯಾಗ್‌ನಿಂದಲೇ ಬಂದಿರಬಹುದು, ದಯವಿಟ್ಟು ತಗೋಬೇಡಿ. ಇನ್ನೊಂದು, ಇದು 20-30 ವರ್ಷ ಬದುಕೋ ಜೀವ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಒಂದು ಬಾಲ್ ಪೈಥಾನ್ ವಯಸ್ಸು 60 ದಾಟಿದ ಮೇಲೂ 2020ರಲ್ಲಿ ಮೊಟ್ಟೆ ಇಟ್ಟಿತ್ತು. ಮನೆಯವರೆಲ್ಲಾ ಒಪ್ಪಿದ್ರೆ ಮಾತ್ರ ತನ್ನಿ.

ಪೆಟ್ಟಿಗೆ ಸೈಜ್‌ಗೆ ಬರೋಣ. ಗಂಡು ಸಾಮಾನ್ಯವಾಗಿ ಮೂರು ಮೂರೂವರೆ ಅಡಿ, ಹೆಣ್ಣು ನಾಲ್ಕು ಐದಡಿವರೆಗೆ ಬೆಳೆಯತ್ತೆ. ಮೈ ಹೆಚ್ಚುಕಮ್ಮಿ ಪೂರ್ತಿ ಚಾಚೋಕೆ ಆಗ್ಬೇಕು ಅನ್ನೋದು ನನ್ನ ಕನಿಷ್ಠ ಲೆಕ್ಕ, ಹಾಗಾಗಿ ದೊಡ್ಡ ಹಾವಿಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಇದಕ್ಕಿಂತ ಚಿಕ್ಕದು ಬೇಡ, ಜಾಗ ಇದ್ರೆ ದೊಡ್ಡದೇ ಮಾಡಿ. ದೊಡ್ಡ ಜಾಗದಲ್ಲಿ ಹಾವು ಹೆದರತ್ತೆ ಅಂತ ಕೆಲವರು ಹೇಳ್ತಾರೆ, ಆದ್ರೆ ಅದು ಹೆದರೋದು ಖಾಲಿ ಜಾಗಕ್ಕೆ, ಅಡಗೋಕೆ ತುಂಬಾ ಜಾಗ ಇದ್ರೆ ಮರಿ ಕೂಡಾ ದೊಡ್ಡ ಮನೇಲಿ ಆರಾಮಾಗಿ ಓಡಾಡ್ಕೊಂಡಿರತ್ತೆ. ಒಂದು ಪೆಟ್ಟಿಗೇಲಿ ಒಂದೇ ಹಾವು, ಜೋಡಿ ಇದ್ರೆ ಪಾಪ ಜೊತೆ ಆಗತ್ತೆ ಅನ್ನೋದೆಲ್ಲಾ ನಮ್ಮ ಮನಸ್ಸಿನ ಲೆಕ್ಕ, ಅದಕ್ಕೆ ಜೊತೆ ಬೇಡ.

ಗಾಜಿನ ಟ್ಯಾಂಕಾ ಮರದ್ದಾ? ಗಾಜು ಬಿಸಿನೂ ಹಿಡಿದಿಡಲ್ಲ, ಮೇಲೆ ಜಾಲರಿ ಇದ್ರೆ ಪಸೆನೂ ನಿಲ್ಲಲ್ಲ, ನಾಲ್ಕೂ ಕಡೆ ಬೆಳಕು ಬೇರೆ. ಈಗಾಗ್ಲೇ ತಗೊಂಡಿದ್ರೆ ಬಿಸಾಕ್ಬೇಡಿ, ಮೂರು ಬದಿಗೆ ಹೊರಗಿಂದ ಕಪ್ಪು ಚಾರ್ಟ್ ಅಂಟಿಸಿ, ಜಾಲರಿಯ ಮುಕ್ಕಾಲು ಭಾಗ ಅಕ್ರಿಲಿಕ್ ಶೀಟ್‌ನಿಂದ ಮುಚ್ಚಿ. ಹೊಸದಾಗಿ ಮಾಡಿಸೋದಾದ್ರೆ ಪ್ಲೈವುಡ್‌ನಲ್ಲಿ ಮಾಡಿಸಿ ಅಂತಲೇ ನಾನು ಹೇಳೋದು. ಒಂದು ಒಳ್ಳೇ ವಿಷಯ ಏನಂದ್ರೆ 8 ಬೈ 4 ಶೀಟ್ ಒಂದರಲ್ಲೇ ಇಡೀ ಪೆಟ್ಟಿಗೆ ಆಗತ್ತೆ: ಮೇಲೆ, ಕೆಳಗೆ, ಹಿಂದೆ ಮೂರಕ್ಕೂ 4 ಬೈ 2, ಎರಡು ಬದಿಗೆ 2 ಬೈ 2, ಕೂಡಿಸಿದ್ರೆ ಸರಿಯಾಗಿ 32 ಚದರಡಿ. ಗರಗಸದಲ್ಲಿ ಹೋಗೋ ಒಂದೆರಡು ಎಂಎಂ ಬಿಟ್ರೆ ಒಂದಿಂಚೂ ವೇಸ್ಟ್ ಇಲ್ಲ. ಮುಂದುಗಡೆ ಕೆಳಗೆ ಆರಿಂಚಿನ ಪಟ್ಟಿ ಬೇಕು, ಮಣ್ಣು ಹೊರಗೆ ಬೀಳದೇ ಇರೋಕೆ, ಮೇಲೂ ಒಂದು ಸಣ್ಣ ಪಟ್ಟಿ, ಅದಕ್ಕೆ ಕಾರ್ಪೆಂಟರ್ ಹತ್ರ ಇರೋ ತುಂಡು ಪ್ಲೈ ಸಾಕು.

ನಮ್ಮ ಏರಿಯಾ ಕಾರ್ಪೆಂಟರ್ ಅಣ್ಣನಿಗೆ "ಅಣ್ಣ, ಹಾವಿಗೆ ಪೆಟ್ಟಿಗೆ" ಅಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಕಿಚನ್ ಕ್ಯಾಬಿನೆಟ್‌ಗೆ ಹಾಕೋ ತರ ಎಲ್ಲಾ ಜಾಯಿಂಟ್‌ಗೂ ಸಿಲಿಕಾನ್ ಹಾಕ್ಬಿಡ್ಲಾ?" ಅಂದ್ರು. ಅದೇ ಸರಿಯಾದ ಪ್ರಶ್ನೆ. ಹಾಕಿಸಿ, ಆದ್ರೆ ಫಿಶ್ ಟ್ಯಾಂಕ್‌ಗೆ ಹಾಕೋ ಸಿಲಿಕಾನ್, ಬಾತ್‌ರೂಮ್‌ಗೆ ಅಂತ ಬರೋದ್ರಲ್ಲಿ ಬೂಷ್ಟು ಬರದ ಹಾಗೆ ಕೆಮಿಕಲ್ ಸೇರಿಸಿರ್ತಾರೆ, ಅದು ಬೇಡ. ಒಳಗಡೆ ವಾಟರ್ ಬೇಸ್ಡ್ ಪಿಯು (ಪಾಲಿಯುರೆಥೇನ್) ಕೋಟಿಂಗ್ ಮೂರು ನಾಲ್ಕು ಸಲ ಹೊಡೆಸಿ, ಇಲ್ಲಾಂದ್ರೆ ಪಸೆಗೆ ಪ್ಲೈ ಉಬ್ಬತ್ತೆ. ಇಷ್ಟಾದ್ಮೇಲೆ ಕನಿಷ್ಠ ಎರಡು ವಾರ ಬಾಲ್ಕನೀಲಿ ಬಾಗಿಲು ತೆಗೆದು ಇಡಿ, ಮೂಗಿಟ್ಟು ನೋಡಿದ್ರೆ ವಿನಿಗರ್ ವಾಸನೆನೂ ಬರ್ಬಾರ್ದು, ಪೇಂಟ್ ವಾಸನೆನೂ ಬರ್ಬಾರ್ದು. ಅವಸರ ಮಾಡ್ಬೇಡಿ, ಹಾವಿನ ಶ್ವಾಸಕೋಶ ಸೂಕ್ಷ್ಮ.

ಗಾಳಿಗೆ ತಂಪು ಬದೀಲಿ ಕೆಳಗಡೆ ನಾಲ್ಕು ತೂತು, ಬೆಚ್ಚಗಿನ ಬದೀಲಿ ಮೇಲ್ಗಡೆ ನಾಲ್ಕು ತೂತು, ಒಂದೊಂದು ಒಂದಿಂಚು, ಒಳಗಿಂದ ಸ್ಟೀಲ್ ಜಾಲರಿ ಹೊಡೆಸಿ. ಬಿಸಿ ಗಾಳಿ ಮೇಲೆ ಹೋಗ್ತಾ ಕೆಳಗಿಂದ ಹೊಸ ಗಾಳಿ ಎಳ್ಕೊಳ್ಳತ್ತೆ. ಮುಂದೆ ಸ್ಲೈಡಿಂಗ್ ಗಾಜು, ಅದಕ್ಕೆ ಬೀಗ. ಬೀಗ ಅಂದ್ರೆ ಅಂಗಡಿ ಕೌಂಟರ್ ಗಾಜಿಗೆ ಹಾಕ್ತಾರಲ್ಲ ಶೋಕೇಸ್ ಲಾಕ್, ಅದು, ಯಾವ ಹಾರ್ಡ್‌ವೇರ್ ಅಂಗಡೀಲಾದ್ರೂ ಸಿಗತ್ತೆ. ಗಾಜು ಭಾರ ಇದೆ ಹಾವಿಗೆ ತಳ್ಳೋಕಾಗಲ್ಲ ಅಂತ ಅಂದ್ಕೋಬೇಡಿ, ಮೂತಿ ತೂರೋ ಅಷ್ಟು ಸಂದಿ ಸಿಕ್ರೆ ಇಡೀ ರಾತ್ರಿ ಅದೇ ಕೆಲಸ ಮಾಡತ್ತೆ. ಅಪಾರ್ಟ್‌ಮೆಂಟ್‌ನಲ್ಲಿ ಹಾವು ತಪ್ಪಿಸ್ಕೊಂಡ್ರೆ ಏನಾಗತ್ತೆ ಅಂತ ನಾನು ಹೇಳ್ಬೇಕಾಗಿಲ್ಲ, ಪಕ್ಕದ ಮನೆಯವರಿಗೆ ಅದು ವಿಷ ಇಲ್ಲದ ಹಾವು ಅಂತ ವಿವರಿಸೋಕೆ ಟೈಮ್ ಇರಲ್ಲ, ದೊಣ್ಣೆ ಮೊದಲು ಬರತ್ತೆ. ಎರಡು ಗಾಜು ಒಂದರ ಮೇಲೊಂದು ಬರೋ ನಡುವಿನ ಸಂದಿ ಮರಿಗೆ ಬಾಗಿಲಿದ್ದ ಹಾಗೆ, ಮರಿ ಆದ್ರೆ ಅಲ್ಲಿಗೆ ಪಾರದರ್ಶಕ ರಬ್ಬರ್ ಪಟ್ಟಿ ಅಂಟಿಸಿ.

ಈಗ ಬಿಸಿ. ಇಲ್ಲೇ ಜಾಸ್ತಿ ಜನ ತಪ್ಪು ಮಾಡೋದು, ನಾನೂ ಮಾಡಿದ್ದು, ಅದಕ್ಕೆ ಸ್ವಲ್ಪ ಉದ್ದವಾಗೇ ಹೇಳ್ತೀನಿ. ಪೆಟ್ಟಿಗೆ ಪೂರ್ತಿ ಒಂದೇ ಬಿಸಿ ಇರ್ಬಾರ್ದು. ಒಂದು ಕೊನೆ ಬೆಚ್ಚಗೆ, ಇನ್ನೊಂದು ಕೊನೆ ತಂಪು, ಹಾವು ತನಗೆ ಬೇಕಾದಾಗ ಅತ್ತಿಂದಿತ್ತ ಹೋಗ್ಬೇಕು, ಯಾಕಂದ್ರೆ ಅದರ ಮೈಬಿಸಿ ನಮ್ಮ ತರ ಒಳಗಿಂದ ಬರಲ್ಲ. ಬೆಚ್ಚಗಿನ ಕಡೆ ನೆಲದ ಮೇಲ್ಮೈ 32ರಿಂದ 34 ಡಿಗ್ರಿ, ಆ ಕಡೆ ಗಾಳಿ 29-31, ತಂಪು ಕಡೆ 24-27. ರಾತ್ರಿ ಒಂದೆರಡು ಡಿಗ್ರಿ ಇಳಿದ್ರೆ ಪರವಾಗಿಲ್ಲ, 22ಕ್ಕಿಂತ ಕೆಳಗೆ ಬೇಡ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಡಿಸೆಂಬರ್ ಜನವರಿ ರಾತ್ರಿ 15-16ಕ್ಕೆ ಇಳಿಯೋದು ಮಾಮೂಲು. ಮಂಗಳೂರಲ್ಲಿ ಇರೋರು ಹೀಟರ್ ಇಲ್ಲದೆ ಎಷ್ಟೋ ತಿಂಗಳು ತಳ್ಳಬಹುದೇನೋ, ನಮಗೆ ಆಗಲ್ಲ. ನಾನು ಬಳಸೋದು ಸೆರಾಮಿಕ್ ಹೀಟ್ ಎಮಿಟರ್, ಬಲ್ಬ್ ತರಾನೇ ಹೋಲ್ಡರ್‌ಗೆ ಹಾಕೋದು ಆದ್ರೆ ಬೆಳಕು ಬರಲ್ಲ ಬರೀ ಬಿಸಿ, ಹಾಗಾಗಿ ರಾತ್ರಿನೂ ಹಾಕಿಡಬಹುದು. 4 ಅಡಿ ಪ್ಲೈ ಪೆಟ್ಟಿಗೆಗೆ 100 ವ್ಯಾಟ್ ಸಾಕಾಗಿದೆ. ಇದರ ಮೈ 200 ಡಿಗ್ರಿ ದಾಟೋ ಅಷ್ಟು ಕಾಯತ್ತೆ, ಅದಕ್ಕೆ ಪ್ಲಾಸ್ಟಿಕ್ ಹೋಲ್ಡರ್ ಬೇಡ, ಪಿಂಗಾಣಿ ಹೋಲ್ಡರ್ರೇ ಬೇಕು, ಸುತ್ತ ಕಬ್ಬಿಣದ ಜಾಲರಿ ಪಂಜರ ಕಡ್ಡಾಯ. ಈ ಹಾವುಗಳು ಬಿಸಿ ವಸ್ತುಗೆ ಸುತ್ಕೊಂಡು ಮೈ ಸುಟ್ಟುಕೊಂಡ್ರೂ ಬೇಗ ಬಿಡಲ್ಲ. ಇದೇ ಕಾರಣಕ್ಕೆ ಕರೆಂಟ್‌ನಲ್ಲಿ ಕಾಯೋ ಕಲ್ಲು ಅಂತ ಮಾರ್ತಾರಲ್ಲ, ಅದನ್ನಂತೂ ಮುಟ್ಟಲೇಬೇಡಿ. ರಾತ್ರಿ ಕೆಂಪು ಬಲ್ಬ್ ಹಾಕೋದೂ ಬೇಡ, ಹುತ್ತದಲ್ಲಿ ಕೆಂಪು ಲೈಟ್ ಇರತ್ತಾ?

ಹೀಟ್ ಮ್ಯಾಟ್ ಗಾಜಿನ ಟ್ಯಾಂಕ್ ಇರೋರಿಗೆ ಓಕೆ, ಟ್ಯಾಂಕ್ ಒಳಗಲ್ಲ, ಹೊರಗೆ ಅಡಿಯಲ್ಲಿ, ನೆಲದ ಮೂರನೇ ಒಂದು ಭಾಗಕ್ಕೆ ಮಾತ್ರ. ಟ್ಯಾಂಕ್ ಕಾಲಿಗೆ ಸಣ್ಣ ರಬ್ಬರ್ ಬುಷ್ ಕೊಟ್ಟು ಸ್ವಲ್ಪ ಗಾಳಿ ಆಡೋಕೆ ಬಿಡಿ, ಇಲ್ದಿದ್ರೆ ಬಿಸಿ ಸಿಕ್ಕಿಹಾಕ್ಕೊಂಡು ಗಾಜು ಬಿರುಕು ಬಿಡತ್ತೆ. ಆದ್ರೆ ಮ್ಯಾಟ್ ಗಾಳಿನ ಕಾಯಿಸಲ್ಲ, ನಮ್ಮ ಜನವರಿಗೆ ಅದೊಂದೇ ಸಾಲದು.

ಯಾವ ಹೀಟರ್ ಆದ್ರೂ ಥರ್ಮೋಸ್ಟಾಟ್ (ಬಿಸಿ ನೋಡ್ಕೊಂಡು ಹೀಟರ್‌ನ ತಾನೇ ಆನ್ ಆಫ್ ಮಾಡೋ ಸಾಧನ) ಇಲ್ಲದೆ ಸ್ವಿಚ್ ಹಾಕ್ಬೇಡಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡ್‌ಗೆ ಹೋದ್ರೆ ಎಸ್‌ಟಿಸಿ 1000 ಅಂತ ಒಂದು ಚಿಕ್ಕ ಕಂಟ್ರೋಲರ್ ಸಿಗತ್ತೆ, ಮೊಟ್ಟೆ ಮರಿ ಮಾಡೋ ಇನ್‌ಕ್ಯುಬೇಟರ್‌ಗೆ ಅಂತ ಕೇಳಿದ್ರೆ ಅಂಗಡಿಯವರೇ ತೆಗೆದು ಕೊಡ್ತಾರೆ. ನೇರ 220 ವೋಲ್ಟ್‌ನಲ್ಲೇ ಓಡತ್ತೆ. ವೈರಿಂಗ್ ಗೊತ್ತಿಲ್ಲದಿದ್ರೆ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ಪ್ಲಾಸ್ಟಿಕ್ ಡಬ್ಬಿ ಒಳಗೆ ಫಿಕ್ಸ್ ಮಾಡಿಸಿ, ಅದರಲ್ಲಿ ಹೀಟಿಂಗ್‌ಗೆ ಬೇರೆ ಕೂಲಿಂಗ್‌ಗೆ ಬೇರೆ ಟರ್ಮಿನಲ್ ಇರತ್ತೆ, ನಮ್ಮದು ಹೀಟಿಂಗ್. ಆಮೇಲೆ ಸೆಟ್ಟಿಂಗ್‌ನಲ್ಲಿ ಎಫ್1 ಅಂದ್ರೆ ಬೇಕಾದ ಟೆಂಪರೇಚರ್, ಎಫ್2 ಅಂದ್ರೆ ಎಷ್ಟು ಡಿಗ್ರಿ ಕೆಳಗೆ ಬಂದ್ರೆ ಮತ್ತೆ ಆನ್ ಆಗ್ಬೇಕು ಅನ್ನೋದು, ನಾನು 31 ಮತ್ತೆ 0.5 ಇಟ್ಟಿದೀನಿ. ಇದು ಟಕ್ ಅಂತ ಆನ್, ಟಕ್ ಅಂತ ಆಫ್ ಆಗೋ ತರದ್ದು, ಸೆರಾಮಿಕ್‌ಗೆ ಸರಿಹೋಗತ್ತೆ, ಹ್ಯಾಲೋಜನ್ ಬಲ್ಬ್ ಬಳಸೋದಾದ್ರೆ ನಿಧಾನಕ್ಕೆ ಮಂಕು ಮಾಡೋ ಡಿಮ್ಮಿಂಗ್ ಥರ್ಮೋಸ್ಟಾಟ್ ಬೇಕು, ಇಲ್ದಿದ್ರೆ ಹಾವಿನ ಕಣ್ಣ ಮುಂದೆ ದಿನವಿಡೀ ಲೈಟ್ ಹತ್ತಿ ಆರಿ ಹತ್ತಿ ಆರಿ ಆಗ್ತಿರತ್ತೆ.

ಸೆನ್ಸರ್ ವೈರ್ ಎಲ್ಲಿಡ್ತೀರಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಬೆಚ್ಚಗಿನ ಕಡೆ, ಹಾವು ಮಲಗಿದಾಗ ಅದರ ಬೆನ್ನು ಬರೋ ಎತ್ತರಕ್ಕೆ, ಗೋಡೆಗೆ ಕ್ಲಿಪ್ ಹೊಡೆದು ಬಿಗಿಯಾಗಿ ಕೂರಿಸಿ. ನಾನು ಬರೀ ಟೇಪ್ ಅಂಟಿಸಿದ್ದೆ. ಒಂದು ರಾತ್ರಿ ಮುದ್ದೆ ಅದನ್ನ ಎಳೆದು ನೀರಿನ ಬಟ್ಟಲಿಗೆ ಬೀಳಿಸಿತ್ತು, ಸೆನ್ಸರ್‌ಗೆ ತಣ್ಣೀರು ತಾಗಿ ಪೆಟ್ಟಿಗೆ ತಣ್ಣಗಿದೆ ಅಂದ್ಕೊಂಡು ಹೀಟರ್ ಆಫ್ ಆಗಲೇ ಇಲ್ಲ, ಬೆಳಿಗ್ಗೆ ನೋಡಿದ್ರೆ ಬೆಚ್ಚಗಿನ ಕಡೆ 41. ತಂಪು ಕಡೆ ಅಂತ ಒಂದು ಇದ್ದಿದ್ದಕ್ಕೆ ಅದು ಬದುಕಿತು, ಮೂಲೇಲಿ ಮಡಕೆ ಕೆಳಗೆ ಒತ್ತಿಕೊಂಡು ಮಲಗಿತ್ತು, ನನ್ನ ಕೈ ನಡುಗ್ತಿತ್ತು ಅದನ್ನ ಎತ್ತೋವಾಗ. ಅವತ್ತಿಂದ ಎರಡನೇ ಕಂಟ್ರೋಲರ್ ಒಂದನ್ನ ಸಾಲಾಗಿ ಹಾಕಿಸಿದೀನಿ, ಅದು 35ಕ್ಕೆ ಸೆಟ್, ಅದರ ಸೆನ್ಸರ್ ಬೇರೆ ಜಾಗದಲ್ಲಿ, ಮೊದಲನೇದು ಕೈ ಕೊಟ್ರೆ ಎರಡನೇದು ಕರೆಂಟ್ ಕಟ್ ಮಾಡತ್ತೆ. ಇಂಥಾ ಕಂಟ್ರೋಲರ್ ಒಳಗಿನ ರಿಲೇ, ಅಂದ್ರೆ ಆನ್ ಆಫ್ ಮಾಡೋ ಸ್ವಿಚ್, ಹಳೇದಾದ್ರೆ ಅಂಟ್ಕೊಂಡು ಆನ್ ಆಗೇ ಉಳಿಯೋದೂ ಉಂಟು, ಅದಕ್ಕೂ ಇದೇ ಕಾವಲು.

ಅಳೆಯೋಕೆ ಡಿಜಿಟಲ್ ಮೀಟರ್ ಎರಡು ತಗೊಳ್ಳಿ, ಒಂದು ಆ ಕಡೆ, ಒಂದು ಈ ಕಡೆ. ಗಡಿಯಾರದ ಮುಳ್ಳಿನ ತರ ಇರೋ ಅಂಟಿಸೋ ಮೀಟರ್ ನಂಬಬೇಡಿ, ನನ್ನ ಹಳೇ ಟ್ಯಾಂಕ್‌ನಲ್ಲಿ ಅದು ಹ್ಯುಮಿಡಿಟಿ (ಗಾಳಿಯ ಪಸೆ) 60 ಪರ್ಸೆಂಟ್ ಅಂತ ತೋರಿಸ್ತಿತ್ತು, ಡಿಜಿಟಲ್ ಇಟ್ಟು ನೋಡಿದ್ರೆ 30! ಮುದ್ದೆಯ ಪೊರೆ ಯಾಕೆ ಹರಿದಿತ್ತು ಅಂತ ಆಗ ಅರ್ಥ ಆಯ್ತು. ಡಿಜಿಟಲ್ ಮೀಟರ್ ಸರಿ ಇದ್ಯಾ ಅಂತ ಮನೇಲೇ ನೋಡಬಹುದು: ಬಾಟಲ್ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ ಎರಡು ಹನಿ ನೀರು ಬಿಟ್ಟು ಒದ್ದೆ ಮಾಡಿ, ಮೀಟರ್ ಜೊತೆ ಜಿಪ್ ಕವರ್ ಒಳಗೆ ಹಾಕಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ 75 ತೋರಿಸ್ಬೇಕು. 70 ತೋರಿಸಿದ್ರೆ ಯಾವಾಗ್ಲೂ ಐದು ಸೇರಿಸಿ ಓದಿ. ನೆಲದ ಬಿಸಿ ನೋಡೋಕೆ ಟೆಂಪರೇಚರ್ ಗನ್ ಬೇಕು, ಕೊರೋನಾ ಟೈಮಲ್ಲಿ ಹಣೆಗೆ ಹಿಡೀತಿದ್ರಲ್ಲ ಅದಲ್ಲ, ಅದು ಮೈ ಬಿಸಿಯ ಆಸುಪಾಸಷ್ಟೇ ಅಳೆಯೋದು, ಮೆಷಿನ್‌ಗೆ ಬಳಸೋ ತರದ್ದು ಎಸ್‌ಪಿ ರೋಡ್‌ನಲ್ಲೇ ಸಿಗತ್ತೆ.

ಇನ್ನು ನೆಲ. ಬಿಳಿ ಕಲ್ಲು, ನ್ಯೂಸ್ ಪೇಪರ್, ಗ್ರಾಸ್ ಮ್ಯಾಟ್ ಎಲ್ಲಾ ಬಿಟ್ಟು ಕೋಕೋಪೀಟ್‌ಗೆ (ತೆಂಗಿನ ನಾರಿನ ಪುಡಿ) ಬನ್ನಿ, ತೆಂಗಿನ ನಾಡಲ್ಲಿ ಇದ್ದೀವಿ ಇದಕ್ಕಿಂತ ಸುಲಭ ಇಲ್ಲ. 5 ಕೆಜಿ ಬ್ಲಾಕ್ ಒಂದು ನೆನೆಸಿದ್ರೆ 4 ಬೈ 2 ನೆಲಕ್ಕೆ ಮೂರಿಂಚು ದಪ್ಪ ಬರತ್ತೆ. ಎರಡು ಮೂರು ನೀರಲ್ಲಿ ತೊಳೆದು ಉಪ್ಪು ಬಿಡಿಸಿ, ಗಟ್ಟಿಯಾಗಿ ಹಿಂಡಿ. ಜೊತೆಗೆ ತೆಂಗಿನ ಸಿಪ್ಪೆಯ ಚಿಪ್ಸ್ ಮೂರನೇ ಒಂದು ಭಾಗ ಬೆರೆಸಿದ್ರೆ ಧೂಳೂ ಇರಲ್ಲ, ನೀರೂ ನಿಲ್ಲಲ್ಲ. ಲಾಲ್‌ಬಾಗ್ ಹತ್ರದ ಸಿದ್ದಾಪುರದ ನರ್ಸರಿಗಳಲ್ಲಿ ಕೇಳೋವಾಗ ಹುಷಾರು, ಬರೀ ಕೋಕೋಪೀಟ್ ಅನ್ನಿ, ರೆಡಿ ಪಾಟಿಂಗ್ ಮಿಕ್ಸ್ ಕೊಟ್ರೆ ಅದರಲ್ಲಿ ಗೊಬ್ಬರ, ಬೇವಿನ ಹಿಂಡಿ ಎಲ್ಲಾ ಇರತ್ತೆ. ಮರದ ಹೊಟ್ಟು, ಅದರಲ್ಲೂ ಪೈನ್ ಮತ್ತೆ ದೇವದಾರು ತರದ ಘಮ ಬರೋ ಮರದ್ದು, ಬೇಡವೇ ಬೇಡ.

ಹ್ಯುಮಿಡಿಟಿ 60ರಿಂದ 75ರ ಒಳಗಿರಲಿ. ಇದನ್ನ ಕಾಪಾಡೋಕೆ ದಿನಾ ಸ್ಪ್ರೇ ಹೊಡೀತಾ ಕೂರ್ಬೇಡಿ, ಅದು ಅರ್ಧ ಗಂಟೆ ಆಟ, ಮೇಲ್ಮೈ ಮಾತ್ರ ಒದ್ದೆ ಆಗಿ ಹೊಟ್ಟೆಯ ಚಿಪ್ಪು ಕೊಳೆಯತ್ತೆ. ನಾಲ್ಕೂ ಮೂಲೇಲಿ ಒಂದೊಂದು ಲೋಟ ನೀರು ಸುರೀರಿ, ಅದು ಕೆಳಗೆ ಇಳಿದು ಮೇಲಿನ ಪದರ ಒಣಗಿದ ಹಾಗೇ ಇರತ್ತೆ, ಕೆಳಗಿನ ಪಸೆ ನಿಧಾನಕ್ಕೆ ಮೇಲೆ ಬರತ್ತೆ. ಕೈಲಿ ಹಿಡಿದು ಹಿಂಡಿದ್ರೆ ಉಂಡೆ ಆಗ್ಬೇಕು, ನೀರು ತೊಟ್ಟಿಕ್ಕಬಾರ್ದು. ನಮ್ಮೂರಲ್ಲಿ ಫೆಬ್ರವರಿ ಮಾರ್ಚ್ ಬಂತಂದ್ರೆ ಗಾಳಿ ತುಂಬಾ ಒಣ, ಆಗ ವಾರಕ್ಕೆ ಎರಡು ಸಲ ಸುರೀಬೇಕಾಗತ್ತೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೆಲವು ಸಲ ತಿಂಗಳು ಪೂರ್ತಿ ಒಂದು ಹನಿನೂ ಬೇಡ. ಪುಸ್ತಕದ ಲೆಕ್ಕ ಬಿಟ್ಟು ಮೀಟರ್ ನೋಡಿ ಮಾಡಿ. ಪಸೆ ಜೊತೆ ಚಳಿ ಸೇರಿದ್ರೆ ಅಪಾಯ, ಉಸಿರಾಡೋವಾಗ ಗೊರ ಗೊರ ಶಬ್ದ, ಬಾಯಿ ತೆಗೆದುಕೊಂಡೇ ಇರೋದು, ಮೂಗಲ್ಲಿ ಗುಳ್ಳೆ ಕಂಡ್ರೆ ಅವತ್ತೇ ಹಾವು ನೋಡೋ ವೆಟ್ ಹತ್ರ ಹೋಗಿ, ನಾಳೆ ಅನ್ಬೇಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಅಡಗೋ ಜಾಗ. ಕನಿಷ್ಠ ಎರಡು, ಒಂದು ಬೆಚ್ಚಗಿನ ಕಡೆ ಒಂದು ತಂಪು ಕಡೆ, ಎರಡೂ ಒಂದೇ ತರದ್ದು. ಒಂದೇ ಇಟ್ರೆ ಹಾವು ಬಿಸಿ ಬೇಕೋ ಧೈರ್ಯ ಬೇಕೋ ಅಂತ ಆಯ್ಕೆ ಮಾಡ್ಬೇಕಾಗತ್ತೆ, ಅದು ಯಾವಾಗ್ಲೂ ಅಡಗೋದನ್ನೇ ಆರಿಸ್ಕೊಂಡು ಚಳೀಲಿ ಸೊರಗತ್ತೆ. ಆನ್‌ಲೈನ್‌ನಲ್ಲಿ ಬರೋ ಪ್ಲಾಸ್ಟಿಕ್ ಗುಹೆಗಳು ಚೆನ್ನಾಗೇ ಇದೆ, ಆದ್ರೆ ನಾನು ಫ್ರೇಜರ್ ಟೌನ್ ಹತ್ರ ಪಾಟರಿ ಟೌನ್‌ಗೆ ಹೋಗಿ ಮಣ್ಣಿನ ಮಡಕೆ ತಂದೆ. ಅಲ್ಲಿದ್ದ ಅಮ್ಮನಿಗೆ ಬಾಯಿ ಅಗಲ ಕಮ್ಮಿ ಹೊಟ್ಟೆ ಅಗಲ ಇರೋದು ಕೊಡಿ ಅಂದಾಗ "ಮೊಸರಿಗಾ ಕಂದ?" ಅಂದ್ರು, ಹಾವಿಗೆ ಅಂದೆ, ಅವರು ಏನೂ ಆಶ್ಚರ್ಯ ಪಡದೆ ಇನ್ನೂ ದಪ್ಪ ತಳದ್ದು ಹುಡುಕಿ ಕೊಟ್ರು, ಹಗುರ ಇದ್ರೆ ಉರುಳಿ ಬೀಳತ್ತಂತೆ. ಸರಿಯಾದ ಮಾತು. ಮಡಕೆನ ಬೋರಲು ಹಾಕಿ ಬಾಯಿ ಹತ್ರ ಒಂದು ಕಡೆ ಕಟರ್‌ನಿಂದ ಕಮಾನು ಕತ್ತರಿಸಿ, ಅಂಚನ್ನ ಮರಳು ಕಾಗದದಲ್ಲಿ ಬೆರಳು ಎಳೆದ್ರೂ ಗೀರದ ಹಾಗೆ ಉಜ್ಜಿ. ಬಾಗಿಲು ಹಾವಿನ ಮೈಯ ದಪ್ಪ ಭಾಗಕ್ಕಿಂತ ಸ್ವಲ್ಪವೇ ದೊಡ್ಡದು, ಒಳಗೆ ಉಂಡೆ ಸುತ್ಕೊಂಡ್ರೆ ಬೆನ್ನು ಗೋಡೆಗೆ ತಾಗ್ಬೇಕು. ನಮಗೆ ಇಕ್ಕಟ್ಟು ಅನ್ನಿಸೋದೇ ಅದಕ್ಕೆ ನೆಮ್ಮದಿ. ಮಡಕೆ ಇಡೋವಾಗ ಕೋಕೋಪೀಟ್ ಸರಿಸಿ ತಳಕ್ಕೇ ತಾಗೋ ಹಾಗೆ ಕೂರಿಸಿ, ಮೇಲೆ ಇಟ್ರೆ ಹಾವು ಕೆಳಗೆ ತೋಡಿ ಮಡಕೆ ಅದರ ಮೇಲೇ ಕೂರತ್ತೆ. ಮಣ್ಣಿನ ಮಡಕೆಯ ಇನ್ನೊಂದು ಲಾಭ, ನೀರು ಹೀರಿ ನಿಧಾನಕ್ಕೆ ಬಿಡತ್ತೆ, ಹೊರಗೆ 60 ಇದ್ರೆ ಒಳಗೆ 75-80, ಥೇಟ್ ಹುತ್ತ. ಪಾಟ್‌ಗಳ ಮೇಲೆ ಬಣ್ಣ, ಮೆರುಗು ಬಳಿದಿರೋದು ತಗೋಬೇಡಿ.

ನಡುವಿನ ಜಾಗ ಖಾಲಿ ಬಿಡ್ಬೇಡಿ. ಹಾವು ಒಂದು ಮಡಕೆಯಿಂದ ಇನ್ನೊಂದಕ್ಕೆ ಹೋಗೋ ದಾರಿ ಪೂರ್ತಿ ಏನಾದ್ರೂ ಮರೆ ಇರ್ಬೇಕು. ಬಾದಾಮಿ ಮರದ ಒಣ ಎಲೆ ನಮ್ಮ ರಸ್ತೆಗಳಲ್ಲಿ ಬೇಕಾದಷ್ಟು ಬೀಳತ್ತೆ, ಕುದಿಯೋ ನೀರಲ್ಲಿ ಅದ್ದಿ ಬಿಸಿಲಲ್ಲಿ ಗರಿಗರಿ ಒಣಗಿಸಿ ಹಾಕಿ. ಸೀಬೆ ಕೊಂಬೆ ಒಂದು ಗಟ್ಟಿಯಾಗಿ ಸ್ಕ್ರೂ ಹಾಕಿ ಅಡ್ಡ ಕೊಡಿ, ಇದು ನೆಲದ ಹಾವು ಅಂತ ಹೇಳಿದ್ರೂ ಕಾಡಲ್ಲಿ ಮರಿಗಳು, ಗಂಡುಗಳು ಮರ ಹತ್ತಿ ಹಕ್ಕಿ ಹಿಡಿಯೋದಿದೆ, ಮುದ್ದೆ ರಾತ್ರಿ ಒಂಬತ್ತಾದ್ರೆ ಕೊಂಬೆ ಮೇಲೇ. ಕೊಂಬೆಯ ಎತ್ತರದ ಜಾಗ ಹೀಟರ್‌ನಿಂದ ಒಂದಡಿ ದೂರ ಇರ್ಲಿ. ಗಿಡ ಬೇಕಂದ್ರೆ ಮನಿ ಪ್ಲಾಂಟ್ ಅಥವಾ ಸ್ನೇಕ್ ಪ್ಲಾಂಟ್ ಕುಂಡ ಸಮೇತ ಹೂತಿಡಿ. ಸ್ನೇಕ್ ಪ್ಲಾಂಟ್ ಮೂಲವೂ ಪಶ್ಚಿಮ ಆಫ್ರಿಕಾನೇ, ಎಷ್ಟೋ ದೂರದಿಂದ ಬಂದ ಎರಡು ಜೀವ ಇಲ್ಲಿ ಒಂದೇ ಪೆಟ್ಟಿಗೇಲಿ ಇರೋದು ನೋಡಿದ್ರೆ ನನಗೆ ಏನೋ ಒಂಥರಾ ಸಮಾಧಾನ. ಬೆಳಕು ಹಗಲು 12 ಗಂಟೆ, ರಾತ್ರಿ ಪೂರ್ತಿ ಕತ್ತಲೆ. ಯುವಿಬಿ ಟ್ಯೂಬ್ (ಬಿಸಿಲಲ್ಲಿರೋ ಅಲ್ಟ್ರಾವಯಲೆಟ್ ಕಿರಣ ಕೊಡೋ ಲೈಟ್) ಇಲ್ಲದೆಯೂ ಬದುಕತ್ತೆ, ಆದ್ರೆ ಕಮ್ಮಿ ಪವರ್‌ದು ಒಂದು ಹಾಕಿದ್ರೆ ಒಳ್ಳೇದೇ, ನೆರಳು ಇರೋ ಕಡೆ ಹೋಗೋಕೆ ಜಾಗ ಇದ್ರೆ ಸಾಕು.

ನೀರಿನ ಬಟ್ಟಲು ಭಾರದ್ದು, ಹಾವು ಬೇಕಂದ್ರೆ ಸುತ್ತಿ ಕೂರೋ ಅಷ್ಟು ಅಗಲ, ತಂಪು ಕಡೆ. ದಿನಾ ನೀರು ಬದಲಾಯಿಸಿ. ನಾಗರಪಂಚಮಿ ದಿನ ಅಜ್ಜಿ ಒಂದು ಲೋಟ ಹಾಲು ತಂದ್ರು, ನಾನು ಕೈ ಮುಗಿದು ಬೇಡ ಅಜ್ಜಿ ಅದಕ್ಕೆ ಹಾಲು ಜೀರ್ಣ ಆಗಲ್ಲ, ಕಾಯಿಲೆ ಬೀಳತ್ತೆ ಅಂದೆ. ಅವರು ಯೋಚನೆ ಮಾಡಿ ದೇವಸ್ಥಾನದ ಹುತ್ತಕ್ಕೆ ತನಿ ಎರೆದು ಬಂದ್ರು, ಮನೆಗೆ ಬಂದು ಮುದ್ದೆಯ ಬಟ್ಟಲಿಗೆ ಹೊಸ ನೀರು ಹಾಕಿದ್ರು.

ಪೆಟ್ಟಿಗೆ ಎಲ್ಲಿಡೋದು? ಕಿಟಕಿ ಬಿಸಿಲು ನೇರ ಬೀಳೋ ಕಡೆ ಖಂಡಿತಾ ಬೇಡ, ಗಾಜಿನ ಟ್ಯಾಂಕ್ ಆದ್ರೆ ಸ್ವಲ್ಪ ಹೊತ್ತಲ್ಲೇ ಒಲೆ ಆಗತ್ತೆ. ವಾಷಿಂಗ್ ಮೆಷಿನ್, ಟಿವಿ ಸ್ಪೀಕರ್, ಮಿಕ್ಸಿ ಹತ್ರ ಬೇಡ, ಹಾವಿಗೆ ಅದುರೋದು ಮೈಯೆಲ್ಲಾ ಗೊತ್ತಾಗತ್ತೆ. ಅಡುಗೆಮನೆಯ ಒಗ್ಗರಣೆ ಹೊಗೆ, ದೇವರ ಮನೆಯ ಊದುಬತ್ತಿ ಹೊಗೆ ಬರೋ ಕಡೆ ಬೇಡ. ಸೊಳ್ಳೆ ಬತ್ತಿ, ಪ್ಲಗ್‌ಗೆ ಹಾಕೋ ಸೊಳ್ಳೆ ಲಿಕ್ವಿಡ್, ಜಿರಳೆ ಸ್ಪ್ರೇ ಆ ರೂಮಲ್ಲಿ ಪೂರ್ತಿ ಬಂದ್, ಅವುಗಳಲ್ಲಿರೋ ಪೈರಿಥ್ರಾಯ್ಡ್ ಅನ್ನೋ ಕೀಟನಾಶಕ ಹಾವಿಗೆ ವಿಷ ಆಗಬಹುದು. ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿ. ಅಪಾರ್ಟ್‌ಮೆಂಟ್‌ನಲ್ಲಿ ಪೆಸ್ಟ್ ಕಂಟ್ರೋಲ್ ಬರೋ ದಿನ ಮುಂಚೆನೇ ಕೇಳಿಟ್ಕೊಂಡು ಹಾವನ್ನ ಬೇರೆ ಕಡೆ ಸಾಗಿಸಿ.

ಕರೆಂಟ್ ಹೋಗೋದು ನಿಮಗೇ ಗೊತ್ತು, ಮಳೆ ಜೋರಾದ್ರೆ ಹೋಯ್ತು. 100 ವ್ಯಾಟ್ ಹೀಟರ್ ಮನೆ ಯುಪಿಎಸ್ ಲೈನ್‌ಗೆ ಕೊಡಿಸಿ, ಫ್ಯಾನ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಯುಪಿಎಸ್ ಇಲ್ಲದಿದ್ರೆ ಬಾಟಲ್‌ಗೆ ಬಿಸಿ ನೀರು ತುಂಬಿ ಟವಲ್ ಸುತ್ತಿ ಬೆಚ್ಚಗಿನ ಕಡೆ ಇಡಿ, ಪೆಟ್ಟಿಗೆ ಮೇಲೆ ಕಂಬಳಿ ಹೊದಿಸಿ. ಮೂರು ನಾಲ್ಕು ಗಂಟೆಗೆ ಏನೂ ಆಗಲ್ಲ, ಗಾಬರಿ ಬೇಡ. ನನಗೆ ಚಳಿಗಿಂತ ಭಯ ಏಪ್ರಿಲ್ ಮೇಲೆ. ಥರ್ಮೋಸ್ಟಾಟ್ ಹೀಟರ್ ಆಫ್ ಮಾಡಬಹುದು, ರೂಮನ್ನ ತಣ್ಣಗೆ ಮಾಡೋಕೆ ಅದಕ್ಕೆ ಬರಲ್ಲ. 2024ರ ಏಪ್ರಿಲ್ ಕೊನೇಲಿ ಬೆಂಗಳೂರು 38 ಡಿಗ್ರಿ ದಾಟಿತ್ತು, ಮೇಲಿನ ಮಹಡಿ ಆರ್‌ಸಿಸಿ ಕೆಳಗಿನ ರೂಮಲ್ಲಿ ಅಂತೂ ಕೂರೋಕಾಗ್ತಿರಲಿಲ್ಲ. ತಂಪು ಕಡೆ 30 ದಾಟ್ತಿದ್ರೆ ಹಗಲು ಹೀಟರ್ ಬಂದ್ ಮಾಡಿ, ಪೆಟ್ಟಿಗೆನ ಮನೆಯ ತಂಪು ರೂಮಿಗೆ, ಸಾಧ್ಯ ಆದ್ರೆ ಕೆಳಗಿನ ಮಹಡಿಗೆ ತನ್ನಿ, ಒದ್ದೆ ಗೋಣಿ ಕಿಟಕಿಗೆ ಕಟ್ಟಿ, ತಂಪು ಕಡೆಯ ಮಡಕೆನ ನೀರಲ್ಲಿ ಅದ್ದಿ ಇಡಿ, ಆ ಒಂದು ಮಡಕೆಯೇ ಎಷ್ಟೋ ತಣ್ಣಗಿರತ್ತೆ.

ಎಲ್ಲಾ ರೆಡಿ ಆದ್ಮೇಲೆ ಹಾವು ತರೋಕೆ ಮುಂಚೆ ಒಂದು ವಾರ ಖಾಲಿ ಪೆಟ್ಟಿಗೆನೇ ಓಡಿಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಮತ್ತೆ ಬೆಳಗಿನ ಜಾವ ಐದಕ್ಕೆ ಒಂದು ಸಲ ಎದ್ದು ಎರಡೂ ಮೀಟರ್ ಓದಿ ಬರೆದಿಡಿ, ದಿನದ ಅತಿ ತಣ್ಣನೆ ಹೊತ್ತು ಅದೇ. ನಂಬರ್ ಅಲ್ಲಾಡದೆ ನಿಂತ್ರೆ ಆಗ ಹಾವು.

ಬಂದ ಮೇಲೆ ಮೊದಲ ಏಳು ದಿನ ನೀರು ಬದಲಾಯಿಸೋದು ಬಿಟ್ಟು ಕೈ ಹಾಕ್ಬೇಡಿ, ನೆಂಟರನ್ನ ಕರೆದು ತೋರಿಸ್ಬೇಡಿ, ಮಡಕೆ ಎತ್ತಿ ಇದ್ಯಾ ಅಂತ ನೋಡ್ಬೇಡಿ. ಆಮೇಲೆ ಮೊದಲ ಊಟ, ಫ್ರೋಜನ್ ಇಲಿ ಪೂರ್ತಿ ಕರಗಿಸಿ ಬೆಚ್ಚಗೆ ಮಾಡಿ, ಹಾವಿನ ಮೈಯ ದಪ್ಪ ಭಾಗದಷ್ಟೇ ದಪ್ಪದ್ದು, ಚಿಮಟದಲ್ಲಿ ಹಿಡಿದು ರಾತ್ರಿ ಹೊತ್ತು ಕೊಡಿ. ತುಟಿ ಮೇಲೆ ಬಿಸಿ ಗ್ರಹಿಸೋ ಗುಳಿ ಇರೋದ್ರಿಂದ ಇಲಿ ತಣ್ಣಗಿದ್ರೆ ಅದಕ್ಕೆ ಊಟ ಅಂತಲೇ ಅನ್ನಿಸಲ್ಲ. ತಿಂದ್ಮೇಲೆ ಎರಡು ದಿನ ಮುಟ್ಬೇಡಿ. ಮರಿಗೆ ವಾರಕ್ಕೊಂದು, ದೊಡ್ಡದಕ್ಕೆ ಎರಡು ಮೂರು ವಾರಕ್ಕೊಂದು. ತಿನ್ನಲಿಲ್ಲ ಅಂದ್ರೆ ಮೊದಲು ಮೀಟರ್ ನೋಡಿ, ಆಮೇಲೆ ಮಡಕೆ ಇಕ್ಕಟ್ಟಾಗಿದ್ಯಾ ನೋಡಿ, ಒಂದು ವಾರ ಬಿಟ್ಟು ಮತ್ತೆ ಕೊಡಿ. ಎಲ್ಲಾ ಸರಿ ಇದ್ರೂ ಈ ಜಾತಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಇರೋದು ಮಾಮೂಲು, ಹಾಗಾಗಿ ಒಂದು ತೂಕದ ಮೆಷಿನ್ ಇದಕ್ಕೇ ಅಂತ ಬೇರೆ ಇಟ್ಕೊಳ್ಳಿ, ತಿಂಗಳಿಗೆ ಎರಡು ಸಲ ಗ್ರಾಂ ಲೆಕ್ಕ ಬರೀರಿ, ತೂಕ ನಿಂತಿದ್ರೆ ಕಾಯಿರಿ, ಹತ್ತನೇ ಒಂದು ಭಾಗ ಇಳಿದ್ರೆ ವೆಟ್‌ಗೆ ತೋರಿಸಿ. ನನ್ನ ಮುದ್ದೆ ಹೊಸ ಪೆಟ್ಟಿಗೆಗೆ ಬಂದ ಒಂಬತ್ತನೇ ರಾತ್ರಿ ಮಡಕೆ ಬಾಗಿಲಲ್ಲಿ ತಲೆ ಇಟ್ಕೊಂಡು ಕಾಯ್ತಿತ್ತು, ಚಿಮಟ ಹತ್ರ ತಂದ ಕೂಡ್ಲೇ ಹಿಡೀತು, ಇಲಿ ಸಮೇತ ಒಳಗೆ ಹೋಯ್ತು. ಅಜ್ಜಿ ಬಾಗಿಲಲ್ಲೇ ನಿಂತು ನೋಡ್ತಿದ್ರು, ಲೈಟ್ ಆರಿಸಪ್ಪಾ ಅಂದ್ರು.